ಮೂರೇ ಸ್ವರದ ಬ್ಯಾಂಡು

ಬ್ಯೂಗಲ್‌ಗೆ ತೂತಿಲ್ಲ, ಗುಂಡಿಯಿಲ್ಲ. ಸುತ್ತಿ ಸುತ್ತಿ ಬಂದ ಒಂದು ಲೋಹದ ಕೊಳವೆ, ಕೊನೆಗೊಂದು ಅಗಲ ಬಾಯಿ, ಅಷ್ಟೇ. ಬೆರಳುಗಳಿಗೆ ಹಿಡಿದುಕೊಳ್ಳುವುದರ ಹೊರತು ಬೇರೆ ಕೆಲಸವಿಲ್ಲ. ಪಡಿಪಾಟಲೆಲ್ಲ ತುಟಿಗೆ ಮತ್ತು ಹೊಟ್ಟೆಗೆ. ಸಿಪಾಯಿಗಳನ್ನು ಎಬ್ಬಿಸಲು, ಉಣ್ಣಲು ಕರೆಯಲು, ಮಲಗಿಸಲು ಊದುವ ಕರೆಗಳೆಲ್ಲ ಐದು ಸ್ಥಾನಗಳಲ್ಲೇ ಮುಗಿದುಹೋಗುತ್ತವೆ: ಷಡ್ಜ, ಪಂಚಮ, ಮೇಲಿನ ಷಡ್ಜ, ಅದರಾಚೆಯ ಗಾಂಧಾರ, ಮತ್ತೆ ಪಂಚಮ. ಲೆಕ್ಕ ಹಾಕಿದರೆ ಸ, ಗ, ಪ ಮೂರೇ ಸ್ವರ. ರಿ, ಮ, ಧ, ನಿ ಬೇಕೆನ್ನುವವರು ಬೇರೆ ಅಂಗಡಿ ನೋಡಿಕೊಳ್ಳಬೇಕು. ಎಂಬತ್ತರ ದಶಕದಲ್ಲಿ, ಹಾಸನದ ಕಡೆಯ ನಮ್ಮ ಹೈಸ್ಕೂಲಿನ ಬ್ಯಾಂಡಿಗೆ ನನ್ನಂಥವನು ಸೇರಲು ಈ ಬಡತನವೇ ಕಾರಣ. ಏಳೂ ಸ್ವರ ಕೇಳುವ ವಾದ್ಯವಾಗಿದ್ದರೆ ನಮ್ಮ ತರಗತಿಯ ಒಬ್ಬನೂ ತೇರ್ಗಡೆಯಾಗುತ್ತಿರಲಿಲ್ಲ.

ನಮ್ಮನ್ನು ಆರಿಸಿದವರು ಬ್ಯಾಂಡ್ ಮೇಷ್ಟ್ರು. ಮೈಸೂರಿನಲ್ಲಿ ಪೊಲೀಸ್ ಬ್ಯಾಂಡಿನ ಕಾರ್ನೆಟ್ ಊದಿ ನಿವೃತ್ತರಾಗಿ, ಹೆಂಡತಿಯ ಊರಿಗೆ ಬಂದು ನೆಲೆಸಿದ್ದರು. ಹುಡುಗರನ್ನು ಸಾಲಾಗಿ ನಿಲ್ಲಿಸಿ, ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುವ ಹಾಗೆ ಬಾಯಿ ತೆರೆಸಿ ನೋಡಿದರು. ಮುಂದಿನ ಹಲ್ಲು ನೆಟ್ಟಗಿದ್ದವರು ಬ್ಯೂಗಲ್‌ಗೆ, ಸೊಟ್ಟಗಿದ್ದವರು ಡ್ರಮ್ಮಿಗೆ. ಹಾಡಲು ಬರುತ್ತದೆಯೇ ಎಂದು ಯಾರನ್ನೂ ಕೇಳಲಿಲ್ಲ. "ಬರೋರು ಹೆಂಗೂ ಕಲೀತಾರೆ. ಬರದೇ ಇರೋರಿಗೇ ಕಣ್ರಲಾ ಬ್ಯಾಂಡು ಇರೋದು" ಅಂದರು.

ಬ್ಯೂಗಲ್ ಊದುವುದು ಎನ್ನುತ್ತಾರಾದರೂ ಬರೀ ಗಾಳಿ ಊದಿದರೆ ಅದರಿಂದ ಗಾಳಿಯೇ ಹೊರಬರುತ್ತದೆ. ತುಟಿಗಳನ್ನು ಬಿಗಿದು ನಡುಗಿಸಬೇಕು. ಬಿಗಿ ಹೆಚ್ಚಿದಂತೆ ಸ್ವರ ಮೇಲಕ್ಕೆ ಹಾರುತ್ತದೆ. ಶಾಲೆಯ ಬ್ಯೂಗಲ್‌ಗಳು ಹೆಡ್ಮೇಷ್ಟ್ರ ಬೀರುವಿನಿಂದ ಆಚೆ ಬರುತ್ತಿದ್ದುದು ಶನಿವಾರ ಮಾತ್ರ. ಉಳಿದ ದಿನ ಅಭ್ಯಾಸಕ್ಕೆ ಏನು ಮಾಡುವುದು? ಮೇಷ್ಟ್ರು ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಬೆಳ್ಳಿ ಬಣ್ಣದ, ಬಾಯಿ ತಾಗುವ ಅಂಚಿನಲ್ಲಿ ಬಣ್ಣ ಸವೆದು ಹಿತ್ತಾಳೆ ಇಣುಕುತ್ತಿದ್ದ ಮೌತ್‌ಪೀಸು. ಅವರ ಸ್ವಂತದ್ದು. "ಮನೆಗೆ ತಗೊಂಡೋಗು ಮರಿ. ಸ್ನಾನದ ಮನೇಲಿ ಊದು, ಚೆನ್ನಾಗಿ ಕೇಳುತ್ತೆ." ಸಂಗೀತಗಾರರು ಹೆಂಡತಿಯ ಒಡವೆಯನ್ನಾದರೂ ಎರವಲು ಕೊಟ್ಟಾರು, ಮೌತ್‌ಪೀಸು ಕೊಡುವುದಿಲ್ಲ ಎಂಬುದು ನನಗೆ ಬಹಳ ವರ್ಷಗಳ ನಂತರ ತಿಳಿಯಿತು. ಬರೀ ಮೌತ್‌ಪೀಸಿನಿಂದ ಬರುವ 'ಬುರ್ರ್' ಸದ್ದು ಕೇಳಿದ ನಮ್ಮಜ್ಜಿ ಮಾತ್ರ, ಎಮ್ಮೆಗೆ ಹೊಟ್ಟೆಯುಬ್ಬರ ಎಂದುಕೊಂಡು ಎರಡು ಬಾರಿ ಕೊಟ್ಟಿಗೆಗೆ ಹೋಗಿ ಬಂದರು.

ಡ್ರಮ್ಮಿನವರ ಪಾಡು ಬೇರೆ. ಹೆಗಲ ಪಟ್ಟಿಯಿಂದ ಎಡತೊಡೆಯ ಮೇಲೆ ಓರೆಯಾಗಿ ತೂಗುವ ಸೈಡ್ ಡ್ರಮ್ಮಿಗೆ ಎಡಗೈ ಕೋಲನ್ನು ಹೆಬ್ಬೆರಳಿನ ಸಂದಿಯಲ್ಲಿ, ಅಂಗೈ ಮೇಲಾಗಿ ಹಿಡಿಯಬೇಕು. ಬಲಗೈಯದು ಸುತ್ತಿಗೆ ಹಿಡಿದಂತೆ. ಒಂದೊಂದು ಕೈಗೆ ಎರಡೆರಡು ಪೆಟ್ಟಿನ ಪಾಠಕ್ಕೆ ಬ್ಯಾಂಡಿನವರ ಭಾಷೆಯಲ್ಲಿ 'ಡ್ಯಾಡಿ-ಮಮ್ಮಿ' ಎಂದು ಹೆಸರು. ಅಪ್ಪ ಅಮ್ಮ ಎನ್ನುತ್ತಿದ್ದ ನಮ್ಮೂರ ಹುಡುಗರು ಅಪ್ಪನಿಗೆ ಎರಡು, ಅಮ್ಮನಿಗೆ ಎರಡು ಎಂದು ಬೆಂಚು ಬಡಿಯುವಾಗ ಗಣಿತದ ಮೇಷ್ಟ್ರಿಗೆ ಕಸಿವಿಸಿಯಾಗುತ್ತಿತ್ತು. 'ಪ್ಯಾರಡಿಡಲ್' ಎಂಬ ಇನ್ನೊಂದು ಪಾಠವನ್ನು ನಮ್ಮವರು ನಾಲಿಗೆಗೆ ಹೊಂದಿಸಿಕೊಂಡು 'ಪರಡಿ ಡಬ್ಬಿ' ಮಾಡಿದರು. ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಮೇಷ್ಟ್ರು ತಿದ್ದಲಿಲ್ಲ. ಪೆಟ್ಟು ಸರಿ ಬಿದ್ದರೆ ಹೆಸರು ಯಾರಿಗೆ ಬೇಕು?

ಡ್ರಮ್ಮಿಗೆ ಆಗ ಚರ್ಮದ ಹೊದಿಕೆ. ನಮ್ಮ ಸೀಮೆಯಲ್ಲಿ ಆಗಸ್ಟ್ 15ರಂದು ಮಳೆ ಹೊಯ್ಯದಿದ್ದರೆ ಸ್ವಾತಂತ್ರ್ಯ ಬಂದಂತೆಯೇ ಅಲ್ಲ. ತೇವಕ್ಕೆ ಚರ್ಮ ಸಡಿಲಗೊಂಡು, ಬಾರಿಸಿದರೆ ಗೋಣಿಚೀಲ ಬಡಿದ ಸದ್ದು. ಅಂದು ನಸುಕಿನಲ್ಲೇ ಮೇಷ್ಟ್ರ ಮನೆಯ ಬಚ್ಚಲೊಲೆಯ ಸುತ್ತ ಡ್ರಮ್ಮುಗಳು ಚಳಿ ಕಾಯಿಸುತ್ತ ಕೂತಿರುತ್ತಿದ್ದವು. ಮೇಷ್ಟ್ರು ಅಂಗೈಯಿಂದ ಒಂದೊಂದನ್ನೇ ಸವರಿ, ತಟ್ಟಿ, ಕಿವಿಗೊಟ್ಟು ತಿರುಗಿಸಿಡುತ್ತಿದ್ದರು. ಅವರ ಮನೆಯವರಿಗೆ ಆ ದಿನ ಸ್ನಾನಕ್ಕೆ ಬಿಸಿನೀರಿಲ್ಲ. ಹರಿದ ಹೊದಿಕೆಗಳನ್ನು ಮೈಸೂರಿನಿಂದ ಹೊಸದು ತರಿಸುತ್ತಿದ್ದುದೂ ಅವರ ಪಿಂಚಣಿಯಿಂದಲೇ. ಹೆಡ್ಮೇಷ್ಟ್ರು ಗೌರವಧನ ಕೊಡಲು ಹೋದರೆ, "ಅದ್ರಲ್ಲಿ ಒಂದು ಜೊತೆ ತಾಳ ತರ್ಸಿ ಸ್ವಾಮಿ" ಎನ್ನುತ್ತಿದ್ದರು.

ಕೊಡುಗೈ ಎಂದರೆ ಹೇಗಿರಬೇಕು ಎನ್ನುವುದಕ್ಕೆ ಅವರದೊಂದು ಮೆಚ್ಚಿನ ಕಥೆಯಿತ್ತು. ಲಂಡನ್ನಿನಲ್ಲಿ ಕಾಯಿಲೆ ಬಿದ್ದು, ಜನ ಮರೆತೇಬಿಟ್ಟಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರನ ಕೃತಿಗಳನ್ನು ನಲವತ್ತರ ದಶಕದ ಕೊನೆಯಲ್ಲಿ ಜಯಚಾಮರಾಜ ಒಡೆಯರು ತಮ್ಮ ಹಣದಲ್ಲಿ ರೆಕಾರ್ಡ್ ಮಾಡಿಸಿದ್ದು. ಆತನೇ ಪಿಯಾನೊ ನುಡಿಸಿದ ಆ ರೆಕಾರ್ಡುಗಳು ಈಗಲೂ ಸಿಗುತ್ತವೆ. ಮೇಷ್ಟ್ರ ಬಾಯಲ್ಲಿ ಆತ 'ಮೆಟ್ಟಣ್ಣ'. ನಮಗೆ ಆತ ಕೆ.ಆರ್. ನಗರದ ಕಡೆಯ ಯಾರೋ ಇರಬೇಕು ಅನ್ನಿಸುತ್ತಿತ್ತು. ಮಹಾರಾಜರಿಗಾದರೆ ಖಜಾನೆ ಇತ್ತು ಎಂಬುದು ಮೇಷ್ಟ್ರಿಗೆ ಹೊಳೆದಂತಿರಲಿಲ್ಲ. ಬಿಳಿಯರ ಬ್ಯಾಂಡು ನಮಗ್ಯಾಕೆ ಎಂದು ಯಾರಾದರೂ ಕೊಂಕು ತೆಗೆದರೆ ಇನ್ನೊಂದು ಅಸ್ತ್ರ ಸಿದ್ಧ: ಮುತ್ತುಸ್ವಾಮಿ ದೀಕ್ಷಿತರೇ ಕಂಪನಿ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿದ್ದಾರೆ, ನೊಟ್ಟುಸ್ವರ ಅಂತ; ನೀವು ಅವರಿಗಿಂತ ಮಡಿಯೋ?

ನಮ್ಮ ದೊಡ್ಡ ಡ್ರಮ್ಮು ಹೊರುತ್ತಿದ್ದವನು ಬ್ಯಾಂಡಿನಲ್ಲೇ ಕುಳ್ಳ. ಲಯ ಮಾತ್ರ ಗಡಿಯಾರ. ನಿಮಿಷಕ್ಕೆ 120 ಹೆಜ್ಜೆ ಎಂದರೆ 120. ಡ್ರಮ್ಮು ಎದೆಗೇರಿದರೆ ಅವನಿಗೆ ಮುಂದೇನಿದೆ ಎಂಬುದೇ ಕಾಣದು. ಒಂದು ಗಣರಾಜ್ಯೋತ್ಸವದಂದು ಮೆರವಣಿಗೆ ಸರ್ಕಲ್ಲಿನಲ್ಲಿ ತಾಲ್ಲೂಕು ಕಚೇರಿಯತ್ತ ಎಡಕ್ಕೆ ತಿರುಗಿತು. ಇವನು ನೇರ ನಡೆದ. ಹಿಂದಿದ್ದ ಪ್ರಾಥಮಿಕ ಶಾಲೆಯ ಮಕ್ಕಳು ಕಿವಿಯನ್ನು ನಂಬಿದವರು. ಡಂ ಡಂ ಸದ್ದಿನ ಹಿಂದೆ ಬಾವುಟ ಬೀಸುತ್ತ ಅವರೂ ಬಸ್ ಸ್ಟ್ಯಾಂಡು ಸೇರಿದರು. ಅರಸೀಕೆರೆ ಬಸ್ಸಿನ ಕಂಡಕ್ಟರು ಇಳಿದು ಬಂದು ಸೆಲ್ಯೂಟ್ ಹೊಡೆದನಂತೆ. ಹೆಡ್ಮೇಷ್ಟ್ರು ಬೆತ್ತ ಹುಡುಕುತ್ತಿದ್ದಾಗ ಬ್ಯಾಂಡ್ ಮೇಷ್ಟ್ರು ಅಡ್ಡ ನಿಂತರು: "ತಪ್ಪಿದ್ದು ದಾರಿ ಸ್ವಾಮಿ, ತಾಳ ಅಲ್ಲ. ದಾರಿ ನಾಳೆ ತೋರಿಸ್ಬೋದು."

ಅವರ ಕಾರ್ನೆಟ್ಟನ್ನು ಯಾರು ಬೇಕಾದರೂ ಮುಟ್ಟಬಹುದಿತ್ತು. ಒಬ್ಬ ಕೈಜಾರಿಸಿ ಮೆಟ್ಟಿಲ ಮೇಲೆ ಕೆಡವಿ ತಗ್ಗು ಬೀಳಿಸಿದ. ಮೇಷ್ಟ್ರು ಎತ್ತಿ ಊದಿ ನೋಡಿ, "ತಗ್ಗು ಹೊರಗಡೆ ಬಿದ್ದದೆ, ಸ್ವರ ಒಳಗಡೆ ಐತೆ" ಎಂದು ಅವನ ಕೈಗೇ ವಾಪಸು ಕೊಟ್ಟರು. ಅವರಿಗೆ ಸಿಟ್ಟು ಬಂದದ್ದು ಕಡಲೆಮಿಠಾಯಿ ತಿಂದ ಬಾಯಲ್ಲೇ ಒಬ್ಬ ಬ್ಯೂಗಲ್ ಊದಿಟ್ಟಾಗ ಮಾತ್ರ. ಮುಂದಿನ ಶನಿವಾರ ವಾದ್ಯ ಎತ್ತಿದರೆ ಸ್ವರಕ್ಕಿಂತ ಮೊದಲು ಇರುವೆಗಳು ಸಾಲಾಗಿ ಕವಾಯತು ನಡೆಸುತ್ತ ಹೊರಬಂದವು.

ಶಾಲೆಯ ವಾರ್ಷಿಕೋತ್ಸವಕ್ಕೆ ಶಾಸಕರು ಬಂದರು. ಅವರು ವೇದಿಕೆ ಏರುವಾಗ ಏನಾದರೂ "ಹೃದಯ ಕರಗುವಂಥದ್ದು" ಊದಿಸಬೇಕೆಂದು ಹೆಡ್ಮೇಷ್ಟ್ರು ನಮ್ಮ ಮುಖ್ಯ ಬ್ಯೂಗಲ್‌ನವನಿಗೆ ನೇರವಾಗಿ ಹೇಳಿಬಿಟ್ಟರು. ಅವನಿಗೆ ಬರುತ್ತಿದ್ದ ಕರೆಗಳಲ್ಲಿ ಹೃದಯ ಕರಗಿಸುವಂಥದ್ದು ಒಂದೇ, 'ಲಾಸ್ಟ್ ಪೋಸ್ಟ್'. ಯೋಧರ ಅಂತ್ಯಸಂಸ್ಕಾರದಲ್ಲಿ, ಜನವರಿ 30ರಂದು ರಾಜಘಾಟ್‌ನಲ್ಲಿ ಊದುವುದು ಅದನ್ನೇ. ಶಾಸಕರು ಹಾರ ಹಾಕಿಸಿಕೊಂಡು ಕೈಮುಗಿದು ನಿಂತರು. ಹುಡುಗ ಕಣ್ಣು ಮುಚ್ಚಿ ಎಳೆದೆಳೆದು ಊದತೊಡಗಿದ. ಶುರುವಾದ ಆ ಕರೆಯನ್ನು ನಡುವೆ ನಿಲ್ಲಿಸುವಂತಿಲ್ಲ. ಮೊದಲ ಸಾಲಿನಲ್ಲಿದ್ದ ಮೇಷ್ಟ್ರು ಸರಕ್ಕನೆ ಎದ್ದು ಅಟೆನ್ಷನ್ನಿನಲ್ಲಿ ನಿಂತರು. ಪೊಲೀಸಿನವರೇ ಎದ್ದ ಮೇಲೆ ನಮಗೇನು ಎಂದು ಇಡೀ ಸಭೆ ಎದ್ದಿತು. ತಮಗೆ ಇಂಥ ಗೌರವ ಎಲ್ಲೂ ಸಿಕ್ಕಿಲ್ಲವೆಂದು ಶಾಸಕರು ಕಣ್ಣೊರೆಸಿಕೊಂಡು, ಶಾಲೆಗೆ ಎರಡು ಕೊಠಡಿ ಘೋಷಿಸಿದರು.

ಮಾರನೆ ವಾರ ಅವರ ಕಡೆಯವರೊಬ್ಬರು ಜೀಪಿನಲ್ಲಿ ಮೇಷ್ಟ್ರ ಮನೆಗೇ ಬಂದರು. ಸಾಹೇಬರ ಹುಟ್ಟುಹಬ್ಬಕ್ಕೂ ಆ ಹುಡುಗನಿಂದ ಅದನ್ನೇ ಊದಿಸಬೇಕಂತೆ. ಮೇಷ್ಟ್ರು ಕಾಫಿ ಕೊಟ್ಟು, ಸಾವಧಾನವಾಗಿ ಅಂದರು: "ಹುಡುಗ ಖಂಡಿತ ಬರ್ತಾನೆ, ಬೇರೆ ಏನಾದ್ರೂ ಊದ್ತಾನೆ. ಅದಕ್ಕೆ ಮಾತ್ರ ಇನ್ನೂ ಕಾಲ ಐತೆ ಅಂತ ಸಾಹೇಬ್ರಿಗೆ ಹೇಳಿ."