ಒಂದು ಡಾಲರ್ ಹಮಾಲಿ

ಶನಿವಾರ ಮಧ್ಯಾಹ್ನದಿಂದ ನಮ್ಮ ಮನೆಯಲ್ಲಿ ಮಾವನಿಗೂ ಅಳಿಯನಿಗೂ ಮಾತಿಲ್ಲ. ಊಟಕ್ಕೆ ಕೂತಾಗ ಉಪ್ಪಿನಕಾಯಿ ಬೇಕಾದರೆ ನಮ್ಮೆಜಮಾನರು ಮಗಳ ಮುಖ ನೋಡುತ್ತಾರೆ, ಮಗಳು ತಾತನ ಮುಖ ನೋಡುತ್ತಾಳೆ, ಅಪ್ಪ ಬಾಟಲಿಯನ್ನು ಒಂದು ಗೇಣು ಆಚೆ ಸರಿಸಿ ಫ್ಯಾನ್ ನೋಡುತ್ತಾರೆ. ಹನ್ನೆರಡು ವರ್ಷದ ಮಗಳು ಈ ರಾಯಭಾರಕ್ಕೆ ಊಟಕ್ಕಿಷ್ಟು ಅಂತ ಫೋನ್ ನೋಡುವ ಸಮಯ ವಸೂಲಿ ಮಾಡುತ್ತಿದ್ದಾಳೆ. ನಾನು ಫ್ರಿಜ್ಜಿನೊಳಗೆ ತಲೆ ತೂರಿಸಿ ನಗುತ್ತೇನೆ. ಸ್ವಲ್ಪ ಹೊತ್ತಿಗೆ ಸಿಟ್ಟು ಬರುತ್ತದೆ. ಆಮೇಲೆ ಮತ್ತೆ ನಗು.

ಎಲ್ಲಕ್ಕೂ ಮೂಲ ಸೈಕಲ್. ನಮ್ಮೆಜಮಾನರು ಮೈಸೂರಿನವರು, ವಯಸ್ಸು ನಲವತ್ತನಾಲ್ಕು. ಶುಗರ್ ಗಡಿಯಲ್ಲಿದೆ ಎಂದು ಡಾಕ್ಟರ್ ಹೇಳಿದರೆ ಬೇರೆಯವರು ಅನ್ನ ಬಿಡುತ್ತಾರೆ. ಇವರು ಅನ್ನ ಬಿಡದೆ ಸೈಕ್ಲೋಕ್ರಾಸ್ ಹಿಡಿದರು. ಜೊತೆಗೆ ಹಾಸನದ ಇಬ್ಬರು, ಮಂಗಳೂರಿನವರೊಬ್ಬರು. ನಾವಿರುವ ಪೋರ್ಟ್‌ಲ್ಯಾಂಡಿನಲ್ಲಿ ಅಕ್ಟೋಬರ್ ಬಂದರೆ ಜಡಿಮಳೆ, ಈ ನಾಲ್ವರಿಗೆ ಅದೇ ಸುಗ್ಗಿ. ಹುಲ್ಲುಗಾವಲಲ್ಲಿ ಎರಡೂವರೆ ಮೂರು ಕಿಲೋಮೀಟರಿನ ಒಂದು ಸುತ್ತು. ಅದರಲ್ಲಿ ಕೆಸರು, ಮರಳು, ಜಾರುವ ಏರು. ದಾರಿಗೆ ಅಡ್ಡವಾಗಿ 40 ಸೆಂಟಿಮೀಟರ್ ಎತ್ತರದ ಹಲಗೆ. ಅಲ್ಲಿ ಸೈಕಲ್ಲಿನಿಂದ ಹಾರಿ ಇಳಿದು, ಅದನ್ನೆತ್ತಿಕೊಂಡು ದಾಟಿ, ಮತ್ತೆ ಹಾರಿ ಹತ್ತಬೇಕು. ಏರಿನಲ್ಲಿ ಸೈಕಲ್ ನಮ್ಮನ್ನು ಹೊರುವುದಿಲ್ಲ, ನಾವೇ ಅದನ್ನು ಹೆಗಲಿಗೇರಿಸಿ ಓಡಬೇಕು. ಹೀಗೆ ನಲವತ್ತು ನಿಮಿಷ. ಇದಕ್ಕೆ ಇವರೇ ದುಡ್ಡು ಕೊಡುತ್ತಾರೆ.

ಈ ಕೊನೆಯ ವಾಕ್ಯವನ್ನು ದಢೇಸುಗೂರಿನಿಂದ ಬಂದ ನನ್ನಪ್ಪನಿಗೆ ನಾನು ಮೂರು ಸಲ ಹೇಳಬೇಕಾಯಿತು.

ಅಪ್ಪನ ಬಗ್ಗೆ ಎರಡು ಮಾತು. ನಮ್ಮೂರ ಒಂದು ಮಗ್ಗುಲಿಗೆ ತುಂಗಭದ್ರೆ, ಸೇತುವೆ ದಾಟಿದರೆ ಸಿರುಗುಪ್ಪದ ದಾರಿ. ಸಿಂಧನೂರು ಸೀಮೆಯೆಲ್ಲ ಎಡದಂಡೆ ಕಾಲುವೆ ನೀರು ನಂಬಿದ ನೆಲ್ಲಿನ ಸೀಮೆ. ಅಪ್ಪ ಐವತ್ತು ವರ್ಷ ಮೊಣಕಾಲುದ್ದ ರಾಡಿಯಲ್ಲಿ ನಿಂತವರು. ಊರಲ್ಲಿ ಕೃಷಿ ಸಂಶೋಧನಾ ಕೇಂದ್ರವಿದ್ದರೂ ರಾಡಿಯ ವಿಷಯದಲ್ಲಿ ಕೊನೆಯ ಮಾತು ತಮ್ಮದೇ ಎಂದು ನಂಬಿದವರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಎರಡು ದಿನ ಊಟ ಬಿಟ್ಟ ಮನುಷ್ಯ. ಈ ಸಲ ನಾಟಿ ಮುಗಿಸಿ, ಹೊಲ ನನ್ನ ತಮ್ಮನ ಕೈಗೆ ಕೊಟ್ಟು, ವಿಮಾನ ಹತ್ತಿ ಬಂದಿದ್ದಾರೆ. ದಿನಾ ಬೆಳಿಗ್ಗೆ ಫೋನ್ ಮಾಡಿ ಕಾಲುವೆಗೆ ನೀರು ಬಂತೇ ಅಂತ ಕೇಳುತ್ತಾರೆ. ತಮ್ಮ ಆರೋಗ್ಯವಾಗಿದ್ದಾನೆಯೇ ಅಂತ ಒಮ್ಮೊಮ್ಮೆ ಕೇಳುತ್ತಾರೆ.

ಶನಿವಾರ ಕಾರಿನಲ್ಲಿ ನಮ್ಮೆಜಮಾನರು ಮಾವನಿಗೆ ಆಟದ ಇತಿಹಾಸ ಬೋಧಿಸಿದರು. ಫ್ರಾನ್ಸಿನಲ್ಲಿ ದಾನಿಯೆಲ್ ಗುಸ್ಸೋ ಎಂಬ ಸೈನಿಕ, ಕುದುರೆ ಏರಿದ ಗೆಳೆಯರ ಜೊತೆ ಕಾಡಿನಲ್ಲಿ ಸೈಕಲ್ ಹೊಡೆಯುತ್ತಿದ್ದನಂತೆ. 1902ರಲ್ಲಿ ಅಲ್ಲಿ ಮೊದಲ ರಾಷ್ಟ್ರೀಯ ಪಂದ್ಯ, 1950ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್. ಬೆಲ್ಜಿಯಂನ ಎರಿಕ್ ಡಿ ವ್ಲಾಮಿಂಕ್ ಏಳು ಸಲ ವಿಶ್ವ ಚಾಂಪಿಯನ್ ಆದವನು.

ಅಪ್ಪ ಬಹಳ ಹೊತ್ತು ಯೋಚನೆ ಮಾಡಿ, “ಏಳು ಸಲಾನೂ ರಾಡಿಯಾಗs? ಪಾಪ” ಎಂದರು.

ಮೈದಾನ ಮುಟ್ಟಿದಾಗ ಅಪ್ಪನ ಮುಖ ಅರಳಿತು. ಹಿಂದಿನ ಪಂದ್ಯದವರು ತುಳಿದು ತುಳಿದು ಏರಿನ ಬುಡವನ್ನು ಪಾಯಸ ಮಾಡಿದ್ದರು. ಅಪ್ಪ ಬಗ್ಗಿ, ಒಂದು ಹಿಡಿ ಎತ್ತಿ, ಬೆರಳಿನಲ್ಲಿ ಹಿಸುಕಿ ನೋಡಿದರು. “ಯವ್ವಾ, ಇಷ್ಟು ಚಲೋ ರಾಡಿ ಮಾಡ್ಯಾರ. ಏನು ಹಚ್ತಾರ ಇಲ್ಲಿ?”

ಏನೂ ಹಚ್ಚುವುದಿಲ್ಲ ಎಂದೆ. ಅಪ್ಪ ಆ ಹಿಡಿಯನ್ನು ಮೆಲ್ಲಗೆ, ಗೌರವದಿಂದ, ಇದ್ದಲ್ಲೇ ಇಟ್ಟರು.

ಪಂದ್ಯ ಶುರುವಾಯಿತು. ಸುತ್ತಲಿನವರೆಲ್ಲ ಹಸುವಿನ ಕೊರಳ ಗಂಟೆ ಹಿಡಿದು ಬಾರಿಸುವುದು ಇಲ್ಲಿನ ಪದ್ಧತಿ. “ದನ ಒಂದೂ ಇಲ್ಲ, ಗಂಟಿ ನೋಡು ಎಷ್ಟು” ಎಂದು ಅಪ್ಪನೂ ಒಂದು ಗಂಟೆ ಇಸಿದುಕೊಂಡರು. ಮಂಗಳೂರಿನವರ ಹೆಂಡತಿ ಇದು ಥೇಟ್ ಕಂಬಳ ಎಂದರು. ಕಂಬಳದಲ್ಲಿ ಕೋಣಕ್ಕೆ ಸೈಕಲ್ ಹೊರಿಸುತ್ತಾರೇನು ಎಂದು ನಾನು ಕೇಳಿದ್ದಕ್ಕೆ ಅವರಿಗೆ ಬೇಜಾರಾಯಿತು. ಅದು ಬೇರೆ ಕತೆ.

ಮೂರನೇ ಸುತ್ತು. ಇಲ್ಲಿ ನಾನು ನಿಧಾನ ಮಾಡುತ್ತೇನೆ, ಯಾಕೆಂದರೆ ಮನಸ್ಸಿನಲ್ಲಿ ನಾನಿದನ್ನು ನಿಧಾನವಾಗಿಯೇ ಓಡಿಸಿ ಓಡಿಸಿ ನೋಡುತ್ತಿದ್ದೇನೆ. ಏರಿನ ಬುಡಕ್ಕೆ ಇವರು ಬಂದರು. ಇಳಿದರು, ಅಂದರೆ ಬಿದ್ದರು. ಎದ್ದು ಸೈಕಲ್ ಹೆಗಲಿಗೇರಿಸಿದರು. ಮುಖ ಬದನೆಕಾಯಿ ಬಣ್ಣ, ಮೊಣಕಾಲತನಕ ರಾಡಿ. ಬಾಯಿ ತೆರೆದಿದೆ, ಉಸಿರು ಒಳಗೆ ಹೋಗುತ್ತಿದೆಯೋ ಹೊರಗೆ ಬರುತ್ತಿದೆಯೋ ಹೇಳಲಾಗದು. ಅಪ್ಪನ ಕೈಯ ಗಂಟೆ ನಿಂತಿತು.

ಅಪ್ಪ ನೋಡುತ್ತಿದ್ದದ್ದು ಆ ಕಾಲುಗಳನ್ನು. ಹದಿನೈದು ವರ್ಷದ ಹಿಂದೆ ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ ಅವ್ವ ತಂಬಿಗೆಯಿಂದ ನೀರು ಬಿಡುತ್ತಿದ್ದಾಗ ಅಪ್ಪ ಹಿತ್ತಾಳೆ ತಟ್ಟೆಯಲ್ಲಿಟ್ಟು ತೊಳೆದು, ತಮ್ಮದೇ ಹೊಸ ಟವೆಲ್ಲಿನಿಂದ ಒರೆಸಿದ ಕಾಲುಗಳು ಅವು. ಅಂಥ ಅಳಿಯ ಪರದೇಶದ ಜನರ ಮುಂದೆ ಭಾರ ಹೊತ್ತು ಏರು ಹತ್ತುತ್ತಿದ್ದಾನೆ. ಮಾವ ಗಂಟೆ ಬಾರಿಸುತ್ತಾ ನಿಂತಿದ್ದಾನೆ.

ಅಪ್ಪ ಬೂಟು ಕಳಚಿಟ್ಟರು. ಧೋತರ ಎತ್ತಿ ಕಟ್ಟಿದರು. ದಾರಿಯ ಅಂಚಿಗೆ ಕಟ್ಟಿದ್ದ ಟೇಪಿನ ಕೆಳಗೆ ನುಸುಳಿದರು.

“ಬಿಡ್ರಿ ಅಳಿಯಾರ. ನಾ ಹೊರ್ತೀನಿ.”

ಬೇಡ ಎನ್ನುವುದಕ್ಕೂ ಉಸಿರು ಬೇಕು. ಇವರ ಬಾಯಿಂದ “ಮಾ” ಅಂತ ಮಾತ್ರ ಬಂತು; ಅದು ಮಾವಾ ಎಂದೋ ತಾಯಿಯನ್ನು ಕರೆದದ್ದೋ ಇನ್ನೂ ತೀರ್ಮಾನವಾಗಿಲ್ಲ. ಅಷ್ಟರಲ್ಲಿ ಸೈಕಲ್ ಅಪ್ಪನ ಹೆಗಲಿಗೆ ಹೋಗಿತ್ತು. ಎಂಟೊಂಬತ್ತು ಕೆಜಿ ತೂಕದ, ಒಂದು ಜೋಡಿ ಎತ್ತಿನ ಬೆಲೆಯ ಸೈಕಲ್. 75 ಕೆಜಿ ನೆಲ್ಲಿನ ಚೀಲ ಹೊತ್ತು ಲಾರಿಗೆ ಹಾಕಿದ ಹೆಗಲಿಗೆ ಅದೇನು ಲೆಕ್ಕ? ಹೆಬ್ಬೆರಳು ಊರಿ, ಬೆನ್ನು ಬಗ್ಗಿಸಿ, ಅರವತ್ತೆಂಟರ ಮುದುಕ ಬರಿಗಾಲಲ್ಲಿ ಆ ಏರು ಹತ್ತಿದ್ದನ್ನು ನೀವು ನೋಡಬೇಕಿತ್ತು. ಇಬ್ಬರನ್ನು ಹಿಂದೆ ಹಾಕಿದರು! ಅದರಲ್ಲೊಬ್ಬ ನಿಂತು ಚಪ್ಪಾಳೆ ಹೊಡೆದ. ಏರಿನುದ್ದಕ್ಕೂ ಗಂಟೆಗಳು ಹುಚ್ಚೆದ್ದವು. ಮಗಳು “ಗೋ ತಾತಾ” ಎಂದು ಕಿರುಚುತ್ತಾ ಫೋನಿನಲ್ಲಿ ಹಿಡಿದಳು. ತನ್ನ ಅಪ್ಪನನ್ನು ಹೀಗೆ ಹುರಿದುಂಬಿಸಿದ ದಾಖಲೆ ಅವಳ ಫೋನಿನಲ್ಲಿಲ್ಲ.

ತುದಿಯಲ್ಲಿ ಅಪ್ಪ ಸೈಕಲ್ ಇಳಿಸಿ, ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, “ಹತ್ರಿ” ಎಂದು ಹಿಂದೆ ನೋಡಿದರು. ಅಳಿಯಂದಿರು ಬರಿಗೈಯಲ್ಲಿ ಇನ್ನೂ ಅರ್ಧ ಏರಿನಲ್ಲಿದ್ದರು.

ಈ ಆಟದಲ್ಲಿ ಪ್ರೇಕ್ಷಕರು ಸವಾರರಿಗೆ ತಮಾಷೆಗೆ ಒಂದು ಡಾಲರ್ ನೋಟು ಚಾಚುವುದುಂಟು. ಯಾರೋ ಪುಣ್ಯಾತ್ಮ ಅದನ್ನು ಅಪ್ಪನ ಕೈಗಿಟ್ಟ. ಅಪ್ಪ ನೋಟು ತಿರುಗಿಸಿ ನೋಡಿದರು, ನನ್ನನ್ನು ನೋಡಿದರು. “ಹಮಾಲಿ ಕೊಟ್ರು ನೋಡು” ಎಂದರು. ಅವಮಾನವಾಯಿತೋ ಹೆಮ್ಮೆಯಾಯಿತೋ ಆ ಮುಖದಿಂದ ತಿಳಿಯಲಿಲ್ಲ. ನೋಟನ್ನು ಮಾತ್ರ ಮಡಚಿ ಬನಿಯನ್ ಜೇಬಿಗೆ ಇಳಿಸಿದರು.

ಆಮೇಲೆ ನಿಯಮದ ಪಾಲು. ಸೈಕಲ್ ಕೆಟ್ಟರೆ, ರಾಡಿ ತುಂಬಿದರೆ ಗೊತ್ತುಮಾಡಿದ ಪಿಟ್ ಜಾಗದಲ್ಲಿ ಮಾತ್ರ ಬದಲಾಯಿಸಬಹುದು. ಉಳಿದ ಕಡೆ ಪರರ ಸಹಾಯ ನಿಷಿದ್ಧ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ ಹೆಂಗಸೊಬ್ಬರು ಬಂದು ಇವರ ನಂಬರ್ ಬರೆದುಕೊಂಡು ಹೋದರು. ಡಿಸ್ಕ್ವಾಲಿಫೈ.

“ನಾನು ನಲವತ್ತೊಂದನೇ ಸ್ಥಾನದಲ್ಲಿದ್ದೆ!” ಅಂತ ಕಾರಿನಲ್ಲಿ ಇವರು ಗುಡುಗಿದರು. ಓಡಿದವರು ಐವತ್ತೆಂಟು ಜನ.

ಅಪ್ಪ ಕಿಟಕಿಯ ಆಚೆ ನೋಡುತ್ತಾ ಹೇಳಿದರು: “ಕಾರಹುಣ್ಣಿಮಿಗೆ ರಾಯಚೂರಾಗ ಎತ್ತಿನ ಕೈಲಿ ಕಲ್ಲು ಎಳಸ್ತಾರ. ಎತ್ತಿನ ಬದ್ಲಿ ಮಾಲಕ ಎಳೆಯಂಗಿಲ್ಲ, ಅದು ನನಗೂ ಗೊತ್ತೈತಿ. ಆದರ ಅವು ಎತ್ತು. ಇವರು ಅಳಿಯಂದ್ರು.”

ಮಾತು ನಿಂತದ್ದು ಅಲ್ಲಿಗೆ. ವಿಡಿಯೋ ಅಷ್ಟರಲ್ಲಿ ದಢೇಸುಗೂರು ತಲುಪಿತ್ತು. “ಅಳಿಯಾರ ಊರಾಗ ಪಂಚರ್ ಅಂಗಡಿ ಇಲ್ಲೇನು?” ಎಂದು ತಮ್ಮ ಕೇಳಿದ. ನಾನು ಉತ್ತರ ಕೊಡಲಿಲ್ಲ.

ರಾತ್ರಿ ನೋಡಿದರೆ ಅಪ್ಪ ಗ್ಯಾರೇಜಿನಲ್ಲಿ ಸೈಕಲ್ ತೊಳೆಯುತ್ತಿದ್ದರು. ಎತ್ತಿನ ಮೈ ತೊಳೆಯುವ ಹಾಗೆ, ಕೊರಳಿನಿಂದ ಶುರುಮಾಡಿ ಹಿಂಗಾಲಿನ ತನಕ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡರೆ ಸೈಕಲ್ ಒಂದು ಹೆಜ್ಜೆ ಉರುಳುವುದಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಹೊಲದಿಂದ ಬರುವಾಗ ಅಪ್ಪನ ಒಂದು ಹೆಗಲ ಮೇಲೆ ಅಟ್ಲಾಸ್ ಸೈಕಲ್, ಇನ್ನೊಂದರ ಮೇಲೆ ನಾನು. ನೆನಪಿದೆಯಾ ಅಪ್ಪಾ ಎಂದೆ.

“ಇಲ್ಲದೇನು? ಆವಾಗ ಒಬ್ಬ ಮಗನೂ ಗಂಟಿ ಬಾರಿಸಲಿಲ್ಲ” ಎಂದರು, ಚೈನಿನಿಂದ ಹುಲ್ಲು ಬಿಡಿಸುತ್ತಾ.

ಭಾನುವಾರ ಎರಡನೇ ಪಂದ್ಯ. ಅಪ್ಪನನ್ನು ಕರೆದೊಯ್ಯಲಿಲ್ಲ. ಇವರು ಐವತ್ತೆರಡನೆಯವರಾಗಿ ಬಂದರು. ಏರಿನ ಬುಡದಲ್ಲಿ ತನ್ನ ಅಪ್ಪ ಒಂದು ಸಲ ಆಚೀಚೆ ಹುಡುಕಿದರು ಅಂತ ಮಗಳು ಮನೆಗೆ ಬಂದು ತಾತನಿಗೆ ವರದಿ ಒಪ್ಪಿಸಿದಳು. ತಾತ ಫ್ಯಾನ್ ನೋಡಿದರು.

ಇಷ್ಟು ಬರೆದು, ಇವತ್ತು ಮಂಗಳವಾರ ಸಂಜೆ, ಚಹಾ ಮಾಡಲು ಎದ್ದೆ. ಹಿತ್ತಿಲಲ್ಲಿ ಪೈಪಿನ ನೀರಿನ ಸದ್ದು. ಬಾಗಿಲು ತೆರೆದರೆ, ಒಂದು ತಿಂಗಳಿಂದ ಪ್ಲಾಸ್ಟಿಕ್ ಹೊದಿಸಿ ಸಾಕಿದ ನನ್ನ ಕೊತ್ತಂಬರಿ ಮಡಿ ಇಲ್ಲ. ಅದಿದ್ದ ಜಾಗದಲ್ಲಿ ಅಚ್ಚುಕಟ್ಟಾಗಿ ಬದು ಕಟ್ಟಿ, ನೀರು ನಿಲ್ಲಿಸಿ, ತುಳಿದು ಹದ ಮಾಡಿದ ದಢೇಸುಗೂರಿನ ರಾಡಿ. ನಡುವೆ ನಮ್ಮೆಜಮಾನರು ಪ್ಯಾಂಟು ಮಡಚಿ, ಬರಿಗಾಲಲ್ಲಿ, ಹೆಗಲ ಮೇಲೆ ಸೈಕಲ್ ಹೊತ್ತು ನಿಂತಿದ್ದರು. “ಹಿಮ್ಮಡಿ ಅಲ್ರಿ ಅಳಿಯಾರ, ಹೆಬ್ಬೆರಳು ಊರ್ರಿ, ಹೆಬ್ಬೆರಳು.” “ಹೀಗಾ ಮಾವಾ?”

ಚೀರಲು ಬಾಯಿ ತೆಗೆದು ಒಂದು ಹೆಜ್ಜೆ ಮುಂದಿಟ್ಟೆ. ಎದೆಗೆ ಏನೋ ತಗುಲಿತು. ನೋಡಿದರೆ ನನ್ನದೇ ದುಪಟ್ಟಾ. ಬೇಲಿಯಿಂದ ಬೇಲಿಗೆ ಎಳೆದು ಕಟ್ಟಿದ್ದರು.

“ಅಮ್ಮಾ, ಅಲ್ಲೇ ನಿಲ್ಲು,” ಮಗಳು ಗಂಟೆ ಬಾರಿಸಿದಳು. “ಟೇಪ್ ದಾಟಿದರೆ ಡಿಸ್ಕ್ವಾಲಿಫೈ.”