ಮೆಟ್ಟಿಲ ಕೆಳಗಿನ ಜನರೇಟರು: ಒಂದು ಶಾಸ್ತ್ರೀಯ ಪರಾಮರ್ಶೆ

ಮನೆಯ ಮೆಟ್ಟಿಲ ಕೆಳಗೆ ಗೋಣಿತಾಟು ಹೊದ್ದು ಮಲಗಿರುವ ಪೆಟ್ರೋಲ್ ಜನರೇಟರುಗಳ ಕಾಲನಿರ್ಣಯ ವಿದ್ವತ್‌ಲೋಕವನ್ನು ಬಹುವಾಗಿ ಕಾಡಿದೆ. ಮೇಲಿನ ಸ್ತರದಲ್ಲಿ ಗಣಪತಿ ಹಬ್ಬದ ಸೀರಿಯಲ್ ಸೆಟ್ಟು, ಅದರಡಿ ಸೀಮೆಎಣ್ಣೆ ಸ್ಟೌ, ಅದಕ್ಕೂ ಕೆಳಗೆ ಮೂರು ಚಕ್ರದ ಸೈಕಲ್ಲು ಸಿಕ್ಕರೆ, ಯಂತ್ರ ‘ಯುಪಿಎಸ್ ಪೂರ್ವ ಯುಗ’ದ್ದೆಂದು ಒಪ್ಪುವುದು ರೂಢಿ.

ಸೆಕೆಂಡ್ ಹ್ಯಾಂಡ್ ಯಂತ್ರವಾದರೆ ಪ್ರಮಾಣಗಳು ಮೂರು. ಮೊದಲನೆಯದು ಶಬ್ದಪ್ರಮಾಣ, ಅಂದರೆ ಮಾರುವವರ ಮಾತು: “ಹೋದ ವರ್ಷ ತಾನೆ ಓಡ್ಸಿದ್ವಿ ಸಾರ್, ಒಂದೇ ಎಳೆತಕ್ಕೆ ಸ್ಟಾರ್ಟು.” ಎಲ್ಲ ಜಿಲ್ಲೆಗಳಲ್ಲೂ ಪಾಠಾಂತರವಿಲ್ಲದೆ ದೊರೆಯುವ ಈ ವಾಕ್ಯವನ್ನು ಅಪೌರುಷೇಯವೆಂದೇ ಪರಿಗಣಿಸಬೇಕು. ಎರಡನೆಯದು ಪ್ರತ್ಯಕ್ಷ: ಹಗ್ಗ ಎಳೆಯುವುದು, ಫಲ, ಭುಜನೋವು. ಮೂರನೆಯದು ಅನುಮಾನ: ಟ್ಯಾಂಕಿನ ಮುಚ್ಚಳ ತೆಗೆದು ಮೂಸುವುದು. ಪೆಟ್ರೋಲಿನ ಚುರುಕು ವಾಸನೆಯ ಬದಲು ಹಳೆಯ ವಾರ್ನಿಷ್ ವಾಸನೆ ಬಂದರೆ ಮಿಕ್ಕ ಎರಡು ಪ್ರಮಾಣಗಳು ಅಲ್ಲಿಗೇ ಬಿದ್ದುಹೋಗುತ್ತವೆ.

ಪೂರ್ವಪಕ್ಷದವರ ವಾದ ಇದು: ಓಡಿಸದ ಯಂತ್ರ ಸವೆಯುವುದಿಲ್ಲ, ಆದ್ದರಿಂದ ಕೆಡುವುದೂ ಇಲ್ಲ. ಸಿದ್ಧಾಂತಿಗಳು ಇದನ್ನು ಒಂದೇ ಬೋಲ್ಟಿನಿಂದ ಖಂಡಿಸುತ್ತಾರೆ. ಕಾರ್ಬೊರೇಟರಿನ ತಳದ ಆ ಬೋಲ್ಟನ್ನು ಬಿಚ್ಚಿ ಫ್ಲೋಟ್ ಬೌಲ್ ಇಳಿಸಿದರೆ, ನಿಂತ ಪೆಟ್ರೋಲು ಆವಿಯಾಗಿ ಉಳಿಸಿಹೋದ ಕಂದು ಅಂಟು ಕಾಣುತ್ತದೆ. ಮೇನ್ ಜೆಟ್ಟಿನ ರಂಧ್ರ ಒಂದು ಮಿಲಿಮೀಟರಿಗಿಂತ ಕಿರಿದು. ಜೆಟ್ಟನ್ನು ಕಳಚಿ ಬೆಳಕಿಗೆ ಹಿಡಿದಾಗ ದುಂಡನೆಯ ಬೆಳಕಿನ ಚುಕ್ಕೆ ಕಂಡರೆ ಮುಕ್ತಿ, ಕಾಣದಿದ್ದರೆ ಬಂಧ. ಬಂಧವಿಮೋಚನೆಗೆ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ವೈರಿನೊಳಗಿನ ಒಂದೆಳೆ ತಾಮ್ರದ ತಂತಿ ಹಾಯಿಸಬಹುದು. ಉಕ್ಕಿನ ಸೂಜಿ ಹಾಕಿದರೆ ರಂಧ್ರ ಹಿಗ್ಗುತ್ತದೆ. ಆ ದೋಷಕ್ಕೆ ಹೊಸ ಜೆಟ್ಟಲ್ಲದೆ ಬೇರೆ ಪ್ರಾಯಶ್ಚಿತ್ತವಿಲ್ಲ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ, ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಈ ಶಾಸ್ತ್ರಕ್ಕೆ ಹೊಸ ಅಧ್ಯಾಯ ಸೇರಿಸಿದೆ. ಎಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದಾಗ ಅವೆರಡೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಕಾರ್ಬೊರೇಟರಿಗೆ ಸರಬರಾಜು ಆಗುವುದೂ ಆ ತಳದಿಂದಲೇ. ಹಾಗಾಗಿ ಟ್ಯಾಂಕು, ಬೌಲು ಎರಡನ್ನೂ ಪೂರ್ತಿ ಬಸಿದು ಹೊಸದನ್ನು ತುಂಬುವುದು ಆದ್ಯ ಕರ್ಮ. ಹಳೆಯದಕ್ಕೇ ಅರ್ಧ ಲೀಟರ್ ಹೊಸದು ಬೆರೆಸುವ ಸಮನ್ವಯ ಪಂಥಕ್ಕೆ ಮೆಕ್ಯಾನಿಕ್ಕುಗಳಲ್ಲಿ ಮನ್ನಣೆಯಿಲ್ಲ.

ಎಂಜಿನ್ ಆಯಿಲ್ ಬದಲಾವಣೆ, ಪ್ಲಗ್ಗಿನ ಮಸಿ ಉಜ್ಜುವಿಕೆ, ಬಿರಿದ ರಬ್ಬರ್ ಪೈಪು, ಮುಟ್ಟಿದರೆ ಪುಡಿಯಾಗುವ ಏರ್ ಫಿಲ್ಟರಿನ ಸ್ಪಾಂಜು: ಇವು ನಿತ್ಯಕರ್ಮಗಳಾದ್ದರಿಂದ ವಿಸ್ತರಿಸಿಲ್ಲ. ಸೈಲೆನ್ಸರಿನೊಳಗೆ ಕಣಜ ಕಟ್ಟಿದ ಮಣ್ಣಿನ ಗೂಡು ಮಾತ್ರ ಪ್ರತ್ಯೇಕ ಪ್ರಬಂಧಕ್ಕೆ ಅರ್ಹ.

ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಿದ ತಾರ್ಕಿಕರು ಇಲ್ಲಿ ಇನ್ನೂ ಸೂಕ್ಷ್ಮಕ್ಕೆ ಇಳಿಯಬೇಕು. ಕಪ್ಪು ಹೊಗೆ ಬಂದರೆ ಚೋಕ್ ತೆರೆದಿಲ್ಲ ಅಥವಾ ಫಿಲ್ಟರ್ ಕಟ್ಟಿದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಸಾಗಿಸುವಾಗ ಯಂತ್ರವನ್ನು ವಾಲಿಸಿದ್ದರಿಂದ ಸಿಲಿಂಡರಿಗೆ ನುಗ್ಗಿದ್ದಾದರೆ ಕೆಲ ನಿಮಿಷಗಳಲ್ಲಿ ನಿಲ್ಲುತ್ತದೆ, ನಿಲ್ಲದಿದ್ದರೆ ರಿಂಗ್ ಸವೆದಿರುವ ಸಂಭವವಿದೆ.

ಎಂಜಿನ್ ಓಡಿಯೂ ಬಲ್ಬು ಹತ್ತದ ಪ್ರಸಂಗ ಅತ್ಯಂತ ಗಹನವಾದುದು. ಎಷ್ಟೋ ಜನರೇಟರುಗಳು ಕರೆಂಟು ಹುಟ್ಟಿಸಲು ಮೊದಲು ರೋಟರಿನ ಕಬ್ಬಿಣದಲ್ಲಿ ಉಳಿದ ಚೂರು ಅಯಸ್ಕಾಂತ ಶಕ್ತಿಯನ್ನು ನೆಚ್ಚಿರುತ್ತವೆ. ವರ್ಷಗಟ್ಟಲೆ ಸುಮ್ಮನಿದ್ದರೆ ಅದು ಕ್ಷೀಣಿಸಬಹುದು. ಈ ತತ್ತ್ವವನ್ನು ವರ್ನರ್ ಸೀಮೆನ್ಸ್ 1867ರ ಜನವರಿಯಲ್ಲಿ ಬರ್ಲಿನ್ ಅಕಾಡೆಮಿಯ ಮುಂದಿಟ್ಟ. ಮರುತಿಂಗಳೇ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಒಂದೇ ದಿನ ಸೀಮೆನ್ಸ್ ಕಡೆಯದೂ ಚಾರ್ಲ್ಸ್ ವೀಟ್‌ಸ್ಟನ್‌ನದೂ ಪ್ರಬಂಧ ಓದಲಾಯಿತು. ಮೊದಲಿಗರು ಯಾರೆಂಬ ಜಗಳ ಬಲ್ಬು ಹತ್ತಿಸುವುದಿಲ್ಲವಾದ್ದರಿಂದ, ತಿಳಿದ ಎಲೆಕ್ಟ್ರಿಷಿಯನ್ 12 ವೋಲ್ಟ್ ಬ್ಯಾಟರಿಯಿಂದ ಫೀಲ್ಡ್ ಸುರುಳಿಗೆ ಕ್ಷಣಕಾಲ ಕರೆಂಟು ಹಾಯಿಸಿ ಕಬ್ಬಿಣಕ್ಕೆ ಪೂರ್ವಸ್ಮರಣೆ ತರಿಸುತ್ತಾನೆ.

ನಿಷೇಧಗಳು ಎರಡು, ಇವುಗಳಲ್ಲಿ ಮತಭೇದಕ್ಕೆ ಎಡೆಯಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಆದ್ದರಿಂದ ಯಂತ್ರ ಮನೆಯೊಳಗಾಗಲಿ ಕಿಟಕಿ ಬಳಿಯಾಗಲಿ ಓಡಕೂಡದು. ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಅದನ್ನು ಮನೆಯ ಸಾಕೆಟ್ಟಿಗೆ ಸಿಕ್ಕಿಸಲೂ ಕೂಡದು. ಕರೆಂಟು ಹಿಮ್ಮುಖವಾಗಿ ಬೀದಿಯ ತಂತಿಗೆ ಹರಿದು, ಕಂಬದ ಮೇಲಿರುವ ಲೈನ್‌ಮನ್‌ನ ಜೀವ ಹೋದೀತು.

ಉಳಿದದ್ದು, ತಿಂಗಳಿಗೊಮ್ಮೆ ಲೋಡ್ ಕೊಟ್ಟು ಸ್ವಲ್ಪ ಹೊತ್ತು ಓಡಿಸಬೇಕು, ಎತ್ತಿಡುವ ಮುನ್ನ ಪೆಟ್ರೋಲ್ ಬಸಿಯಬೇಕು ಎಂಬ ವಿಧಿ. ಇದರ ಆಚರಣೆಗೆ ಯಾವ ಮನೆಯಲ್ಲೂ ಪುರಾವೆ ಸಿಗದಿರುವುದರಿಂದ ಇದು ಪ್ರಕ್ಷಿಪ್ತವೆಂದು ಕೆಲವರ ಮತ. ಮೂಲಗ್ರಂಥ ನೋಡಿ ತೀರ್ಮಾನಿಸಬಹುದಿತ್ತು. ಆದರೆ ಬಳಕೆದಾರರ ಕೈಪಿಡಿಯ ಲಭ್ಯ ಪ್ರತಿಗಳೆಲ್ಲ ಇನ್ನೂ ಕಂಪನಿಯವರು ಅಂಟಿಸಿದ ಪ್ಲಾಸ್ಟಿಕ್ ಕವರಿನೊಳಗೇ ಇವೆ.