ಚೌಕಮುಖದ ಅತ್ತಿಗೆ

ಒಂದು ಮನೆತನ ಅಂದಮೇಲೆ ಅದರಲ್ಲಿ ಜಾತಕ ನೋಡುವವರು ಒಬ್ಬರು ಇರುತ್ತಾರೆ, ಸಕ್ಕರೆ ಕಾಯಿಲೆಗೆ ಕಷಾಯ ಹೇಳುವವರು ಒಬ್ಬರು, ಯಾವ ಕಡೆ ಸೈಟು ತಗೊಂಡರೆ ರೇಟು ಏರುತ್ತದೆ ಎಂದು ಬಲ್ಲವರು ಇನ್ನೊಬ್ಬರು. ಈಚೆಗೆ ಇವರ ಸಾಲಿಗೆ ಮುಖದ ಆಕಾರ ಹೇಳುವವರೂ ಬಂದು ಸೇರಿದ್ದಾರೆ. ನಮ್ಮಲ್ಲಿ ಈ ಹುದ್ದೆಯನ್ನು ಯಾರೂ ಕರೆದು ಕೊಡದೆ ತಾವಾಗಿಯೇ ವಹಿಸಿಕೊಂಡವರು ನಮ್ಮ ಅತ್ತಿಗೆ.

ಮದುವೆ ಮನೆಯಲ್ಲಿ ಉಳಿದ ಹೆಂಗಸರು ಸೀರೆಯ ಅಂಚು, ಕತ್ತಿನ ಸರ ನೋಡುವ ಹೊತ್ತಿನಲ್ಲಿ ಅತ್ತಿಗೆ ದವಡೆ ನೋಡುತ್ತಿರುತ್ತಾರೆ. ಗಟ್ಟಿಮೇಳ ಬಾರಿಸುತ್ತಿದ್ದರೂ ಅಕ್ಷತೆ ಎಸೆಯುತ್ತಲೇ ನನ್ನ ಕಿವಿಯ ಹತ್ತಿರ ಬಂದು, "ಹುಡುಗಿ ಲಕ್ಷಣವಾಗಿದ್ದಾಳೆ ಕಣೆ. ಆದರೆ ಹಾರ್ಟ್ ಶೇಪು. ಹಿಂಗೆ ಎಳೆದು ಬಾಚಬಾರದಿತ್ತು" ಅನ್ನುತ್ತಾರೆ. ಗಂಡಿನ ಸೋದರತ್ತೆಯದು ಡೈಮಂಡ್, ಪುರೋಹಿತರದು ದುಂಡು, ವಿಡಿಯೋ ಹುಡುಗನದು ಓವಲ್. ಓವಲ್ ಮುಖಕ್ಕೆ ಯಾವ ಕಟ್ಟಾದರೂ ಒಪ್ಪುತ್ತದೆ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ. "ಅಂಥ ಮುಖ ಹೋಗಿ ಹೋಗಿ ಆ ವಿಡಿಯೋದವನಿಗೆ ಸಿಕ್ಕಿದೆ, ಅವನು ನೋಡಿದರೆ ಟೋಪಿ ಹಾಕ್ಕೊಂಡು ಓಡಾಡ್ತಾನೆ" ಎಂದು ಅವರು ನಿಜವಾಗಿಯೂ ನೊಂದುಕೊಳ್ಳುತ್ತಾರೆ.

ನನ್ನದು ಆಯತವಂತೆ. ಅತ್ತಿಗೆಯದು ಚೌಕ.

ಇದು ಅವರಿಗೆ ಗೊತ್ತಾದದ್ದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿರುವ ಲೇಡೀಸ್ ಪಾರ್ಲರಿನಲ್ಲಿ. ಹುಬ್ಬಿಗೆ ದಾರ ಹಿಡಿದಿದ್ದ ಹುಡುಗಿ ಮಾತಿಗೆ ಮಾತು ಬಂದು "ಮೇಡಂ, ನಿಮ್ದು ಸ್ಕ್ವೇರ್ ಫೇಸು" ಅಂದಳು. ಬೇರೆಯವರಾಗಿದ್ದರೆ ಐಬ್ರೋ ಮುಗಿಸಿಕೊಂಡು ತರಕಾರಿ ಕೊಂಡು ಮನೆಗೆ ಬರುತ್ತಿದ್ದರು. ಅತ್ತಿಗೆ ಮನೆಗೆ ಬಂದವರೇ ಹೊಲಿಗೆ ಮಿಷನ್ನಿನ ಡ್ರಾಯರಿನಿಂದ ಟೇಪು ತೆಗೆದರು. ಹಣೆಯ ಅಗಲ, ಕೆನ್ನೆಯ ಮೂಳೆಯ ಅಗಲ, ದವಡೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆ, ಕೊನೆಗೆ ಕೂದಲು ಹುಟ್ಟುವ ಜಾಗದಿಂದ ಗಲ್ಲದ ತುದಿಯವರೆಗೆ. ಮೊದಲ ಮೂರು ಅಳತೆ ಹೆಚ್ಚುಕಡಿಮೆ ಒಂದೇ ಆಗಿ, ಉದ್ದವೂ ಅಗಲಕ್ಕಿಂತ ಹೆಚ್ಚೇನೂ ಇರದೆ, ದವಡೆಯ ಮೂಲೆ ಬಾಗದೆ ತಿರುಗಿದ್ದರೆ ಅದು ಚೌಕ. ಟೇಪಿನ ಮಾತನ್ನು ನಂಬದೆ ಎರಡನೆಯ ಪರೀಕ್ಷೆಯನ್ನೂ ಮಾಡಿದರು. ಕೂದಲನ್ನೆಲ್ಲ ಹಿಂದಕ್ಕೆ ಕಟ್ಟಿ, ಒಂದು ಕಣ್ಣು ಮುಚ್ಚಿ, ಬಚ್ಚಲ ಕನ್ನಡಿಯ ಮೇಲೆ ಕಾಣುವ ಮುಖದ ಸುತ್ತ ಲಿಪ್‌ಸ್ಟಿಕ್ಕಿನಿಂದ ಗೆರೆ ಎಳೆಯುವುದು. ಎಳೆದು ನೋಡಿದರೆ ಚೌಕವೇನೋ ಸರಿ, ಆದರೆ ಅಂಗೈಯಗಲ ಇದೆ! ಮುಖ ಇಷ್ಟು ಸಣ್ಣದೇ ಎಂದು ಗಾಬರಿ. ಹೈಸ್ಕೂಲಿನ ಮಗ ಬಂದು, ಕನ್ನಡಿಯ ಮೇಲೆ ಬೀಳುವ ಗಡಿ ಯಾವತ್ತೂ ನಿಜವಾದ ಮುಖದ ಅರ್ಧದಷ್ಟೇ ಇರುತ್ತದೆ, ಹತ್ತಿರ ನಿಂತರೂ ದೂರ ನಿಂತರೂ ಅಷ್ಟೇ ಎಂದು ವಿಜ್ಞಾನ ಹೇಳಿ ಸಮಾಧಾನ ಮಾಡಿದ.

ಮಾರನೆಯ ಬೆಳಿಗ್ಗೆ ಶೇವಿಂಗಿಗೆ ಹೋದ ಅಣ್ಣ ಕನ್ನಡಿಯ ಮುಂದೆ ನಿಂತ. ಅವನ ಮುಖ ಆ ಕೆಂಪು ಗೆರೆಯೊಳಗೆ ಎಲ್ಲೂ ಚಾಚದೆ ಸರಿಯಾಗಿ ಕೂತಿತು. "ಇದು ನಂದೇನೇ?" ಎಂದು ಒಳಗಿನಿಂದಲೇ ಕೂಗಿದ. ಆಗಲೇ ಮನೆಯವರಿಗೆಲ್ಲ ಹೊಳೆದದ್ದು, ಗಂಡಹೆಂಡತಿ ಇಬ್ಬರದೂ ಒಂದೇ ಆಕಾರ ಎಂದು.

ಅಣ್ಣನ ಕಥೆಯನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ, ಅದರಲ್ಲಿ ಹೆಚ್ಚಿಗೆ ಏನೂ ಇಲ್ಲ. ಭಾನುವಾರ ಕಟಿಂಗ್ ಶಾಪಿಗೆ ಹೋಗುತ್ತಾನೆ. ಬಟ್ಟೆ ಹೊದಿಸಿ "ಮೀಡಿಯಮ್ಮಾ, ಶಾರ್ಟಾ ಸಾರ್?" ಎಂದು ಕೇಳುತ್ತಾರೆ. "ಮೀಡಿಯಂ" ಅನ್ನುತ್ತಾನೆ. ಪೇಪರಿನ ಕ್ರೀಡಾ ಪುಟ ಮುಗಿಯುವುದರೊಳಗೆ ಕಟಿಂಗೂ ಮುಗಿದಿರುತ್ತದೆ. ಪಕ್ಕದಲ್ಲಿ ಸಣ್ಣಗೆ, ಮೇಲೆ ಸ್ವಲ್ಪ ಬಿಟ್ಟು ಕತ್ತರಿಸುವ ಆ ಕ್ರಾಪಿನಲ್ಲಿ ಅವನ ದವಡೆಯ ಎರಡು ಮೂಲೆಗಳೂ ಬಯಲಿಗೆ ಬಂದು ನಿಲ್ಲುತ್ತವೆ. ಜನ ಅದನ್ನು ನೋಡಿ "ಏನ್ ಸಾರ್, ಒಳ್ಳೆ ಮಿಲಿಟರಿ ಆಫೀಸರ್ ಥರ ಇದ್ದೀರಿ" ಅನ್ನುತ್ತಾರೆ. ಅವನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ.

"ಇದೇ ದವಡೆ ನಿಮಗಿದ್ದರೆ ಗಾಂಭೀರ್ಯ, ನನಗಿದ್ದರೆ ಗಡಸು. ಅದು ಹೆಂಗೆ ರೀ?" ಎಂದು ಅತ್ತಿಗೆ ಕೇಳಿದ್ದುಂಟು. ಅಣ್ಣನ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇಲ್ಲ. ಗಂಡಸಿನ ಮುಖದ ಮೂಲೆಗಳನ್ನು ಪೋಸ್ಟರಿನಲ್ಲಿ ದೊಡ್ಡದು ಮಾಡಿ ತೋರಿಸುವ ಲೋಕವೇ ಹೆಂಗಸಿನ ಮೂಲೆಗಳನ್ನು ಮುಚ್ಚಲು ನೂರು ಬಗೆಯ ಕತ್ತರಿ ಕಂಡುಹಿಡಿದಿದೆ. ಅತ್ತಿಗೆಯ ಉಳಿದ ಮಾತುಗಳಿಗೆ ನಾನು ನಕ್ಕಿದ್ದೇನೆ, ಈ ಮಾತಿಗೆ ನಗಲಾಗಲಿಲ್ಲ.

ಚೌಕಮುಖದ ಧರ್ಮಶಾಸ್ತ್ರ ದೊಡ್ಡದು. ಕೂದಲು ದವಡೆಯ ಮಟ್ಟಕ್ಕೆ ಬಂದು ನಿಲ್ಲಬಾರದು. ಭುಜಕ್ಕೆ ಇಳಿಯಬೇಕು, ಕಡೇಪಕ್ಷ ದವಡೆಯಿಂದ ಎರಡು ಬೆರಳು ಕೆಳಗೆ ಹೋಗಬೇಕು. ಹಣೆಯ ಮೇಲೆ ಸ್ಕೇಲ್ ಇಟ್ಟು ಕತ್ತರಿಸಿದ ಮುಂಗುರುಳು ಸಲ್ಲದು, ಅಡ್ಡಗೆರೆ ಬಿದ್ದು ಮುಖ ಇನ್ನೂ ಗಿಡ್ಡವಾಗುತ್ತದೆ. ಬೇಕಾದರೆ ಒಂದು ಪಕ್ಕಕ್ಕೆ ಓರೆಯಾಗಿ ಬಿಡಬಹುದು. ಲೇಯರುಗಳು ಗಲ್ಲದ ಕೆಳಗಿನಿಂದ ಶುರುವಾಗಬೇಕು. ನೆತ್ತಿಯ ಮೇಲೆ ಸ್ವಲ್ಪ ಪಫ್ ಎತ್ತಿದರೆ ಮುಖ ಉದ್ದ ಕಾಣುತ್ತದೆ. ಕಿವಿಗೆ ದುಂಡಗಿನ ಓಲೆ. ನೆಟ್ಟಗೆ ಇಳಿಬಿದ್ದ ಕೂದಲಿಗಿಂತ ಅಲೆಯಲೆಯಾಗಿರುವುದು ಮೇಲು, ಹಾಗಾಗಿ ಊರೆಲ್ಲ ಸ್ಮೂತನಿಂಗ್ ಮಾಡಿಸುತ್ತಿದ್ದಾಗ ಅತ್ತಿಗೆ ತಮ್ಮ ಗುಂಗುರನ್ನು ಹೆಮ್ಮೆಯಿಂದ ಉಳಿಸಿಕೊಂಡರು.

ಇಷ್ಟೆಲ್ಲ ಸರಿ. ತೊಡಕು ಬಂದದ್ದು ಬೈತಲೆಯ ವಿಚಾರದಲ್ಲಿ. ಚೌಕಮುಖದವರು ನಡುಬೈತಲೆ ತೆಗೆದು ಎರಡೂ ಕಡೆ ಚಪ್ಪಟೆ ಬಾಚಿದರೆ ದವಡೆ ಎದ್ದು ಕಾಣುತ್ತದೆ, ಬೈತಲೆ ಪಕ್ಕಕ್ಕೆ ಸರಿಯಬೇಕು ಎಂದು ಶಾಸ್ತ್ರ. ಆದರೆ ನಮ್ಮ ಕಡೆ ಬೈತಲೆ ಬೊಟ್ಟು ಎಂಬ ಒಡವೆ ಇದೆ, ಅದು ನೇತಾಡುವುದು ನಟ್ಟನಡುವೆಯೇ. ನಾದಿನಿಯಾದ ನನ್ನ ಮದುವೆಗೆ ಅತ್ತಿಗೆ ಬೈತಲೆಯನ್ನು ಎಡಕ್ಕೆ ತೆಗೆದು, ಬೊಟ್ಟನ್ನೂ ಅದರ ಜೊತೆಗೆ ಎಡಗಣ್ಣಿನ ಮೇಲಕ್ಕೆ ಇಳಿಬಿಟ್ಟುಕೊಂಡು ಬಂದರು. ಅಮ್ಮ ನೋಡಿ, "ಸರಿಯಾಗಿ ಎಳೆದುಕೊಳ್ಳಮ್ಮ, ಜಾರಿದೆ" ಅಂದರು.

"ಜಾರಿಲ್ಲ ಅತ್ತೆ. ನನ್ನದು ಸ್ಕ್ವೇರ್ ಫೇಸು."

"ಏನೋಪ್ಪ. ನಮ್ಮ ಕಾಲದಲ್ಲಿ ಮುಖಕ್ಕೆ ಆಕಾರ ಇರಲಿಲ್ಲ, ಲಕ್ಷಣ ಅಂತ ಇತ್ತು" ಎಂದು ಅಮ್ಮ ಆರತಿ ತಟ್ಟೆ ತರಲು ಹೋದರು.

ಅಮ್ಮನ ಮಾತು ಪೂರ್ತಿ ನಿಜವಲ್ಲ. ಅವರ ಕಾಲದಲ್ಲೂ ಆಕಾರದ ಚಿಂತೆ ಇತ್ತು. 1960ರಲ್ಲಿ 'ಲವ್ ಇನ್ ಸಿಮ್ಲಾ' ಎಂಬ ಹಿಂದಿ ಚಿತ್ರ ಬಂತು. ಅದರ ನಾಯಕಿ ಸಾಧನಾ ಅವರ ಹಣೆ ಅಗಲ. ನಿರ್ದೇಶಕ ಆರ್. ಕೆ. ನಯ್ಯರ್ ಅದನ್ನು ಮರೆಮಾಡಲು ಹಾಲಿವುಡ್ಡಿನ ಆಡ್ರೆ ಹೆಪ್‌ಬರ್ನ್ ಅವರ ಮುಂಗುರುಳಿನ ಮಾದರಿಯಲ್ಲಿ ಹಣೆಯ ಮೇಲೆ ಕೂದಲು ಕತ್ತರಿಸಿ ಬಿಡಿಸಿದರು. 'ಸಾಧನಾ ಕಟ್' ದೇಶಕ್ಕೆಲ್ಲ ಹಬ್ಬಿತು. ಹಣೆ ಅಗಲವಿದ್ದವರು, ಇಲ್ಲದವರು, ಹಣೆಯೇ ಕಾಣದವರು ಎಲ್ಲರೂ ಮುಂದಲೆ ಕತ್ತರಿಸಿಕೊಂಡರು. ಕಪಾಟಿನ ಹಳೆಯ ಆಲ್ಬಮ್ಮಿನಲ್ಲಿ ಅಮ್ಮನ ಕಾಲೇಜಿನ ಗ್ರೂಪ್ ಫೋಟೋ ಇದೆ. ಮುಂದಿನ ಸಾಲಿನ ಹುಡುಗಿಯರ ಹಣೆಗಳನ್ನು ನೋಡಿದರೆ ಕ್ಲಾಸಿಗೆಲ್ಲ ಒಬ್ಬರೇ ಕತ್ತರಿ ಆಡಿಸಿದ್ದಾರೆ ಎಂದು ತಿಳಿಯುತ್ತದೆ. ಅದರಲ್ಲಿ ಅಮ್ಮನೂ ಇದ್ದಾರೆ. ಅತ್ತಿಗೆ ಆ ಫೋಟೋ ಹಿಡಿದುಕೊಂಡು ಹೋಗಿ ಸಾಕ್ಷಿ ಕೇಳಿದಾಗ ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, ಒಂದು ಕ್ಷಣವೂ ತಡಮಾಡದೆ, "ಅದು ಅಗಲ ಹಣೆಗೆ ಕಣಮ್ಮ. ನಿನ್ನದು ಅಗಲ ದವಡೆ" ಅಂದರು. ಶಾಸ್ತ್ರದ ಪ್ರಕಾರ ಈ ತೀರ್ಪು ನೂರಕ್ಕೆ ನೂರು ಸರಿ.

ನಾನೂ ಒಮ್ಮೆ ವಾದಕ್ಕಿಳಿದೆ. "ಅತ್ತಿಗೆ, ಆ ಹೆಪ್‌ಬರ್ನ್ ಇದ್ದಾಳಲ್ಲ, ಅವಳ ದವಡೆಯ ಮೂಲೆಗಳೂ ಎದ್ದು ಕಾಣುತ್ತವೆ. 1953ರ 'ರೋಮನ್ ಹಾಲಿಡೇ'ಯಲ್ಲಿ ರಾಜಕುಮಾರಿಯಾಗಿದ್ದವಳು ರೋಮಿನ ಕ್ಷೌರದಂಗಡಿಗೆ ನುಗ್ಗಿ ಉದ್ದ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು ಬರುತ್ತಾಳೆ. ಹಣೆ ಮೇಲೆ ಗಿಡ್ಡ ಕೂದಲು, ದವಡೆ ಪೂರ್ತಿ ಬಯಲು. ನಿಮ್ಮ ನಿಯಮ ಒಂದನ್ನೂ ಬಿಡದೆ ಮುರಿದಿದ್ದಾಳೆ. ಲೋಕವೆಲ್ಲ ಚೆಲುವೆ ಅಂದಿತು."

ಅತ್ತಿಗೆ ಯೋಚಿಸಿದರು. "ಅವಳಿಗೆ ಕತ್ತು ಇತ್ತು" ಅಂದರು.

ವಾದದಲ್ಲಿ ಅವರನ್ನು ಗೆದ್ದವರಿಲ್ಲ. ಕರ್ನಾಟಕದ ಶಿಕ್ಷಣ ಪದ್ಧತಿಯ ಮೇಲೂ ಅವರದೊಂದು ಆಕ್ಷೇಪಣೆ ಇದೆ: ಸ್ಕೂಲಿನಲ್ಲಿ ಹುಡುಗಿಯರಿಗೆ ಎಣ್ಣೆ ಹಚ್ಚಿ, ನಡುಬೈತಲೆ ತೆಗೆದು, ಎರಡು ಜಡೆ ಹೆಣೆದು, ಅದನ್ನು ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟಿಸುತ್ತಾರಲ್ಲ, ಆ ಮಡಿಕೆ ಎರಡೂ ಕಡೆ ಬಂದು ನಿಲ್ಲುವುದು ಎಲ್ಲಿ? ಸರಿಯಾಗಿ ದವಡೆಯ ಮೂಲೆಯಲ್ಲಿ! "ಹತ್ತು ವರ್ಷ ನನ್ನ ಮುಖಕ್ಕೆ ಕೆಂಪು ರಿಬ್ಬನ್ನಿನಿಂದ ಅಂಡರ್‌ಲೈನ್ ಹಾಕಿಸಿದರು. ಯಾವ ಮೇಷ್ಟ್ರಿಗೂ ಅನ್ನಿಸಲಿಲ್ಲ."

ಚಕ್ಕುಲಿ, ಕೋಡುಬಳೆ ಬಿಟ್ಟದ್ದೂ ಇದೇ ಕಾರಣಕ್ಕೆ. ದವಡೆಯ ಅಗಲ ಬರೀ ಮೂಳೆಯದಲ್ಲ, ಅಗಿಯುವ ಸ್ನಾಯುವಿನದೂ ಹೌದು, ಜಾಸ್ತಿ ಅಗಿದರೆ ಅದು ದಪ್ಪವಾಗುತ್ತದೆ ಎಂದು ಎಲ್ಲೋ ತಿಳಿದುಕೊಂಡರು. ತಿಳಿದದ್ದು ಸುಳ್ಳಲ್ಲ. ಆ ಸ್ನಾಯುವಿಗೆ ಬೊಟಾಕ್ಸ್ ಸೂಜಿ ಹಾಕಿ ದವಡೆ ಇಳಿಸುವ ಕ್ಲಿನಿಕ್ಕುಗಳು ಬೆಂಗಳೂರಿನಲ್ಲೇ ಇವೆ. ಆದರೆ ಪರಿಣಾಮ ಕೆಲವು ತಿಂಗಳು ಮಾತ್ರ, ಆಮೇಲೆ ಮತ್ತೆ ಹಾಕಿಸಬೇಕು. ಅತ್ತಿಗೆ ಫೋನ್ ಮಾಡಿ ರೇಟು ಕೇಳಿದರು. "ಅದೇ ದುಡ್ಡಿಗೆ ಒಂದು ಜೊತೆ ಓಲೆ ಬರುತ್ತೆ, ಅದು ಇಳಿಯೋದೂ ಇಲ್ಲ" ಎಂದು ಫೋನ್ ಇಟ್ಟು ಡಬ್ಬಿಯಿಂದ ಒಂದು ಕೋಡುಬಳೆ ತೆಗೆದುಕೊಂಡರು.

ಇಷ್ಟು ಓದಿಕೊಂಡವರು ಕೊನೆಗೂ ಕಟ್ ಮಾಡಿಸಿದ ದಿನದ ಕಥೆ ಹೇಳಲೇಬೇಕು. ಜೊತೆಗೆ ನಾನಿದ್ದೆ. ಕುರ್ಚಿಯಲ್ಲಿ ಕೂರಿಸಿ, ತಲೆಗೆ ನೀರು ಚಿಮುಕಿಸಿ ಪಾರ್ಲರಿನ ಹುಡುಗಿ ಕೇಳಿದಳು: "ಸ್ಟೆಪ್ಪಾ, ಲೇಯರಾ, ಯು ಕಟ್ಟಾ ಮೇಡಂ?" ಇದು ಪರೀಕ್ಷೆಯಲ್ಲಿ ಗುರುತು ಹಾಕುವ ಪ್ರಶ್ನೆ. ಅತ್ತಿಗೆ ಬರೆದದ್ದು ಪ್ರಬಂಧ. ಚೌಕದ ಲಕ್ಷಣ, ಲೇಯರಿನ ಆರಂಭಸ್ಥಾನ, ಓರೆ ಮುಂಗುರುಳಿನ ಕೋನ, ಸಾಧನಾ ಅವರ ಹಣೆ ಎಲ್ಲವನ್ನೂ ಹೇಳಿ, ಕೊನೆಗೆ ದವಡೆಯ ಕೆಳಗೆ ಎರಡು ಬೆರಳು ಅಡ್ಡ ಇಟ್ಟು "ಇಲ್ಲಿಗೆ. ಇದಕ್ಕಿಂತ ಒಂದು ಕೂದಲೂ ಮೇಲೆ ಹೋಗಬಾರದು" ಅಂದರು. ಹುಡುಗಿ ಅಸ್ಸಾಮಿನವಳು. ಕನ್ನಡ ಚೆನ್ನಾಗಿಯೇ ಕಲಿತಿದ್ದಾಳೆ. "ಆಯ್ತು ಮೇಡಂ" ಎಂದು ಆ ಎರಡು ಬೆರಳಿನ ಕೆಳಗೆ, ಒಂದು ಕೂದಲೂ ಮೇಲೆ ಹೋಗದಂತೆ, ಅಚ್ಚುಕಟ್ಟಾಗಿ ಕತ್ತರಿಸಿದಳು. ಅತ್ತಿಗೆ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ನೋಡಿ ಒಪ್ಪಿಕೊಂಡರು. ಟಿಪ್ಸ್ ಕೂಡ ಕೊಟ್ಟರು.

ಕತ್ತರಿಸಿದ್ದು ಒದ್ದೆ ಕೂದಲನ್ನು.

ಗುಂಗುರು ಕೂದಲು ಒದ್ದೆಯಾಗಿದ್ದಾಗ ಇಳಿದು ನಿಲ್ಲುತ್ತದೆ, ಒಣಗಿದ ಹಾಗೆ ಸುರುಳಿ ಸುತ್ತಿ ಮೇಲಕ್ಕೆ ಏರುತ್ತದೆ. ಮೆಟ್ಟಿಲು ಇಳಿಯುವಾಗ ಗಲ್ಲದ ಕೆಳಗಿತ್ತು. ತರಕಾರಿ ಗಾಡಿಯ ಹತ್ತಿರ ಒಂದು ಬೆರಳು ಏರಿತ್ತು. ಆಟೋದಲ್ಲಿ ಗಾಳಿಗೆ ಪೂರ್ತಿ ಒಣಗಿ, ಮನೆಯ ಗೇಟು ತೆಗೆಯುವಷ್ಟರಲ್ಲಿ ಸಮಸ್ತ ಶಾಸ್ತ್ರಗಳೂ ಒಕ್ಕೊರಲಿನಿಂದ ನಿಷೇಧಿಸಿದ ಆ ಒಂದೇ ಒಂದು ಜಾಗದಲ್ಲಿ, ದವಡೆಯ ಮೂಲೆಗೆ ಸರಿಯಾಗಿ, ಎರಡೂ ಕಡೆ ಸಮನಾಗಿ ಬಂದು ಕುಳಿತಿತ್ತು. ಅಣ್ಣ ಬಾಗಿಲು ತೆಗೆದು ನೋಡಿ, ಒಳ್ಳೆಯ ಮನಸ್ಸಿನಿಂದಲೇ, "ಚೆನ್ನಾಗಿದೆ. ನನ್ನ ಹಾಗೇ ಕಾಣ್ತೀಯ" ಅಂದ.

ತಲೆಗೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರು. ಎರಡು ಬೆರಳು ವಾಪಸು ಬರಲು ಮೂರು ತಿಂಗಳ ಹತ್ತಿರ ಹತ್ತಿರ ಬೇಕು. ಸುರುಳಿಗೆ ಬಡ್ಡಿ ಬೇರೆ. ಆ ಮೂರು ತಿಂಗಳಿನಲ್ಲಿ ಎರಡು ಗೃಹಪ್ರವೇಶ, ಒಂದು ನಾಮಕರಣ ಬಂದವು. ಅತ್ತಿಗೆ ಎಲ್ಲದಕ್ಕೂ ಹೋದರು, ಆದರೆ ಫೋಟೋದಲ್ಲಿ ಮುಖವನ್ನು ನೇರ ಕೊಡಲಿಲ್ಲ. ಚೌಕಮುಖದವರು ಕ್ಯಾಮೆರಾಗೆ ಸ್ವಲ್ಪ ಓರೆಯಾಗಿ ನಿಲ್ಲಬೇಕಂತೆ. ಹಾಗಾಗಿ ಆ ಆಲ್ಬಮ್ಮುಗಳಲ್ಲಿ ನಾವೆಲ್ಲ ಮುಂದೆ ನೋಡುತ್ತಿದ್ದೇವೆ, ಅತ್ತಿಗೆ ಮಾತ್ರ ಎರಡನೆಯ ಪಂಕ್ತಿಗೆ ಎಲೆ ಹಾಕಿದರೇನೋ ಎಂದು ವಿಚಾರಿಸುವವರ ಹಾಗೆ ಪಕ್ಕಕ್ಕೆ ನೋಡುತ್ತಿದ್ದಾರೆ.

ಕೂದಲು ಈಗ ಬೆಳೆದಿದೆ, ಜೊತೆಗೆ ಜ್ಞಾನವೂ. ಕೇಳಲಿ ಬಿಡಲಿ, ಬೀದಿಯ ಹುಡುಗಿಯರಿಗೆಲ್ಲ ಸಲಹೆ ಸಲ್ಲುತ್ತಿದೆ. ಅವರ ಸಲಹೆಗಳಲ್ಲಿ ಮುಕ್ಕಾಲುಪಾಲು ನೀವು ಬಿಟ್ಟರೂ ನಷ್ಟವಿಲ್ಲ. ಆದರೆ ಚೌಕಮುಖದ, ಗುಂಗುರು ಕೂದಲಿನ ಅಕ್ಕತಂಗಿಯರೇ, ಒಂದನ್ನು ಮಾತ್ರ ದಯವಿಟ್ಟು ಪಾಲಿಸಿ: ಎರಡು ಬೆರಳಿನ ಅಳತೆಯನ್ನು ಒಣ ಕೂದಲ ಮೇಲೆ ಹಾಕಿಸಿ. ಒದ್ದೆ ಕೂದಲಿಗೇ ಕತ್ತರಿ ಇಡುವುದಾದರೆ ನಾಲ್ಕು ಬೆರಳು ಅನ್ನಿ. ಮತ್ತೆ, ಮದುವೆ ಮನೆಯಲ್ಲಿ ಯಾರಾದರೂ ಹೆಂಗಸು ಅಕ್ಷತೆ ಕೈಯಲ್ಲಿ ಹಿಡಿದುಕೊಂಡು ನಿಮ್ಮ ದವಡೆಯನ್ನೇ ನೋಡುತ್ತಿದ್ದರೆ ಅದು ನಮ್ಮ ಅತ್ತಿಗೆಯೇ ಇರಬೇಕು. ನಮಸ್ಕಾರ ಹೇಳಿ, ಊಟ ಆಯ್ತಾ ಎಂದು ಕೇಳಿ. "ನನ್ನದು ಯಾವ ಶೇಪು?" ಎಂದು ಮಾತ್ರ ಕೇಳಬೇಡಿ, ವ್ಯಾನಿಟಿ ಬ್ಯಾಗಿನಲ್ಲಿ ಟೇಪು ಇದೆ.